ವೃತ್ತಿ

ವೃತ್ತಿಯೆಂಬ ಶಬ್ದಕ್ಕೆ ಎರಡರ್ಥಗಳುಂಟು. ಸೂತ್ರವನ್ನು ಬಿಡಿಸಿ ಹೇಳುವ ವಿವರಣೆಯೂ ವೃತ್ತಿ. ಹೊಟ್ಟೆಯನ್ನು ಹೊರೆಯುವ ಉದ್ಯೋಗವೂ ವೃತ್ತಿ. ಪಾಠಶಾಲೆಯಲ್ಲಿ ಪಾಣಿನಿಯ ಸೂತ್ರಗಳನ್ನು ಕಾಶಿಕಾವೃತ್ತಿಯ ಸಹಾಯದಿಂದ ಓದಿದ ನನಗೆ ಮೊದಲನೆಯ ಅರ್ಥವು ಬಾಲ್ಯದಿಂದಲೇ ಪರಿಚಿತವು. ಎರಡನೆಯದರ ಗೌರವವನ್ನು ಕಣ್ಣಾರೆ ಕಂಡುದು ನಿವೃತ್ತನಾದ ಮೇಲೆ, ನಮ್ಮ ಗ್ರಾಮದ ಭಾನುವಾರದ ತರಗತಿಯಲ್ಲಿ.

ಈ ತರಗತಿಯಲ್ಲಿ ಕಲಿಸುವವರಾರೂ ವೇತನ ಪಡೆಯುವವರಲ್ಲ. ಬಂಟ್ವಾಳ ಪೇಟೆಯ ಒಬ್ಬ ದರ್ಜಿ, ವಿದ್ಯುತ್ತಿನ ಕೆಲಸ ಬಲ್ಲ ಒಬ್ಬ ತರುಣ, ಬ್ಯಾಂಕಿನ ನಿವೃತ್ತ ಗುಮಾಸ್ತರೊಬ್ಬರು, ಅಡಕೆಮರವೇರುವುದರಲ್ಲಿ ಪಳಗಿದ ಹಿರಿಯರೊಬ್ಬರು. ಅರ್ಜಿ ಬರೆಯುವುದನ್ನು ಕಲಿಸುವ ಕೆಲಸ ನನ್ನ ಪಾಲಿನದು.

ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯಿರುವಾಗ ಇದೇತಕ್ಕೆಂದು ವಾಚಕರು ಕೇಳಬಹುದು. 1982ರಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ಟ್ರಸ್ಟು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೂಡಿ ಸ್ಥಾಪಿಸಿದ ಆ ಸಂಸ್ಥೆಯು ನಿರುದ್ಯೋಗಿ ಯುವಜನರಿಗೆ ಊಟ ವಸತಿಗಳೊಡನೆ ಉಚಿತವಾಗಿ ಸ್ವಉದ್ಯೋಗದ ಶಿಕ್ಷಣವನ್ನು ಕೊಡುತ್ತ ಬಂದಿದೆ; ದೇಶದಾದ್ಯಂತ ಅಂತಹ ಸಂಸ್ಥೆಗಳಿಗೆ ಅದೇ ಮೇಲ್ಪಂಕ್ತಿಯಾಯಿತು. ಆದರೆ ಏನು ಕಲಿಯಬೇಕೆಂದು ನಿಶ್ಚಯಿಸಿದವನು ತಾನೇ ಆ ಬಾಗಿಲಿಗೆ ಹೋದಾನು. ನಿಶ್ಚಯಿಸಲಾರದೆ ಜಗಲಿಯಲ್ಲಿ ಕುಳಿತವನನ್ನು ಎಬ್ಬಿಸುವುದಕ್ಕೆ ನೆರೆಯವರೇ ಬೇಕು.

ಬಿ.ಎ. ಮುಗಿಸಿದ ಹುಡುಗನೊಬ್ಬನು ಮರವೇರಲು ಕಲಿಯತೊಡಗಿದಾಗ ಅವನ ತಂದೆಯು ಬಂದು, "ಮಾಸ್ಟ್ರೇ, ಮರ ಹತ್ತುವುದಕ್ಕೆ ಇವನನ್ನು ಇಷ್ಟು ಓದಿಸಬೇಕಿತ್ತೇ?" ಎಂದರು. ತಾಯಿಯು ಬೀಡಿ ಕಟ್ಟಿದ ಹಣದಿಂದ ಓದಿದ ಮಗನವನು. ಆ ಪ್ರಶ್ನೆಯಲ್ಲಿ ಕೋಪಕ್ಕಿಂತ ಸಂಕಟವೇ ಹೆಚ್ಚಾಗಿತ್ತು. ನನಗೆ ಕೂಡಲೆ ಉತ್ತರ ತೋಚಲಿಲ್ಲ.

ಉತ್ತರವಿತ್ತವನು ಹುಡುಗನೇ. ಮಳೆ ಹಿಡಿಯುವ ಮುನ್ನ ಮದ್ದು ಬಿಡುವವರು ಸಿಕ್ಕದೆ ಮಹಾಳಿ ರೋಗಕ್ಕೆ ತುತ್ತಾಗುವ ತೋಟಗಳು ನಮ್ಮಲ್ಲಿ ಅನೇಕ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಈ ಪ್ರಮಾಣವನ್ನೂ, ಯಾವ ತೋಟಕ್ಕೆ ಯಾವ ದಿನವೆಂಬುದನ್ನೂ, ಕೂಲಿಯ ಲೆಕ್ಕವನ್ನೂ ಅವನು ಪುಸ್ತಕದಲ್ಲಿ ಬರೆದಿಟ್ಟಿದ್ದನು. ಆ ಲೆಕ್ಕದ ಕ್ರಮವು ಗುಮಾಸ್ತರದು, ಹಗ್ಗದ ಗಂಟು ಹಿರಿಯರದು, ಅಕ್ಷರವು ಅವನ ತಾಯಿಯ ದುಡಿಮೆಯದು. ತಂದೆಯು ಪುಸ್ತಕವನ್ನು ಬಹಳ ಹೊತ್ತು ನೋಡಿ, ಮಾತನಾಡದೆ ಹೋದರು. ಮುಂದಿನ ಭಾನುವಾರ ತಮ್ಮ ಕಿರಿಯ ಮಗನನ್ನೂ ಕಳುಹಿಸಿದರು.

ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಕೈಗೆಲಸ ಬಲ್ಲ ಹಿರಿಯರಿಗೆ ಕೊರತೆಯಿಲ್ಲ. ವಾರಕ್ಕೆರಡು ಗಂಟೆಗಳನ್ನು ಅವರು ಕೊಟ್ಟರೆ, ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ಸೂತ್ರಗಳಿಗೆಲ್ಲ ತಕ್ಕ ವೃತ್ತಿಯು ದೊರೆತೀತು.