ಸೇತುವೆಗಳ ಜಮಾ-ಖರ್ಚು

ಬೇರೆ ದೇಶಕ್ಕೆ ಪ್ರವಾಸ ಹೋದಾಗ ಅಲ್ಲಿ ಕಾರನ್ನು ಬಾಡಿಗೆಗೆ ಪಡೆದು ನಾವೇ ಓಡಿಸಿಕೊಂಡು ಸುತ್ತಬಹುದು ಎಂದರೆ ನನ್ನ ವಾರಿಗೆಯವರು ಕಣ್ಣರಳಿಸುತ್ತಾರೆ. ‘ಡ್ರೈವರ್ ಇಲ್ಲದೆಯೇ? ಗುರುತು ಪರಿಚಯ ಇಲ್ಲದವರ ಕೈಗೆ ಕೀ ಕೊಟ್ಟುಬಿಡುತ್ತಾರೆಯೇ?’ ಎಂದು ಬೆಳಗಿನ ವಾಕಿಂಗ್ ಗೆಳೆಯರು ಕೇಳಿದರು. ಹೌದು, ಕೊಡುತ್ತಾರೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ನಾನು, ನನ್ನಾಕೆ, ಮಗಳು ಮತ್ತು ಹನ್ನೊಂದು ವರ್ಷದ ಮೊಮ್ಮಗ ಹೀಗೆ ಹನ್ನೆರಡು ದಿನ ಸುತ್ತಿ ಬಂದೆವು. ಮಗಳು ಹೆಚ್ಚು ಹೊತ್ತು, ನಾನು ಕಡಿಮೆ ಹೊತ್ತು, ಸರದಿಯ ಮೇಲೆ ಓಡಿಸಿದೆವು.

ಆ ದೇಶವನ್ನೇ ಆರಿಸಿಕೊಂಡಿದ್ದಕ್ಕೆ ಒಂದು ಕಾರಣವಿತ್ತು. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಭಾಗದಲ್ಲೇ ಓಡಿಸುವುದು. ಸ್ಟಿಯರಿಂಗ್ ಕೂಡ ಬಲಗಡೆಗೇ ಇರುತ್ತದೆ. ಜೊತೆಗೆ ಲೈಸೆನ್ಸ್ ಇಂಗ್ಲಿಷಿನಲ್ಲಿದ್ದರೆ ಪ್ರವಾಸಿಗರು ಅದರ ಮೇಲೆಯೇ ಓಡಿಸಬಹುದು. ಆದರೂ ಇರಲಿ ಎಂದು ಆರ್‌ಟಿಓ ಕಚೇರಿಯಲ್ಲಿ 1,000 ರೂಪಾಯಿ ಶುಲ್ಕ ಕಟ್ಟಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಂಡೆವು. ಅದು ಒಂದು ವರ್ಷ ನಡೆಯುತ್ತದೆ.

ಕ್ರೈಸ್ಟ್‌ಚರ್ಚ್ ನಗರದಲ್ಲಿ ವಿಮಾನ ಇಳಿದ ದಿನ ಕಾರು ತೆಗೆದುಕೊಳ್ಳಲಿಲ್ಲ. ನಾವು ಹೋದದ್ದು ಏಪ್ರಿಲ್ ರಜೆಯಲ್ಲಿ. ಆಗ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಆರೂವರೆ ಗಂಟೆ ಮುಂದಿರುತ್ತದೆ. ನಿದ್ದೆಗೆಟ್ಟ ಕಣ್ಣಿನಲ್ಲಿ ಹೊಸ ರಸ್ತೆಗೆ ಇಳಿಯುವುದು ಬೇಡ ಎಂದು ಮಗಳು ಮೊದಲೇ ಹೇಳಿದ್ದಳು. ಒಂದು ರಾತ್ರಿ ಚೆನ್ನಾಗಿ ಮಲಗಿ, ಮರುದಿನ ಬಾಡಿಗೆ ಕಾರಿನ ಕೌಂಟರಿಗೆ ಹೋದೆವು.

ಬ್ಯಾಂಕಿನಲ್ಲಿ ಕೌಂಟರಿನ ಒಳಗೆ ಕೂತು ಆಯಸ್ಸು ಕಳೆದ ನನಗೆ ಅಲ್ಲಿನ ಕಾಗದಪತ್ರ ನೋಡುವುದೇ ಒಂದು ಖುಷಿ. ಅವರು ನಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಒಂದಿಷ್ಟು ಹಣವನ್ನು ಠೇವಣಿಯಾಗಿ ತಡೆಹಿಡಿಯುತ್ತಾರೆ. ಹಣ ಖಾತೆಯಿಂದ ಹೋಗುವುದಿಲ್ಲ, ಆದರೆ ಖರ್ಚು ಮಾಡಲೂ ಬರುವುದಿಲ್ಲ. ನಾವು ಫಿಕ್ಸೆಡ್ ಡೆಪಾಸಿಟ್ ಮೇಲೆ ಲೀನ್ ಹಾಕುತ್ತಿದ್ದೆವಲ್ಲ, ಹಾಗೆ. ಇನ್ನೊಂದು ಮಾತು ‘ಎಕ್ಸೆಸ್’. ಕಾರಿಗೆ ವಿಮೆ ಇದ್ದರೂ, ಅಪಘಾತವಾದರೆ ಇಂತಿಷ್ಟು ಮೊತ್ತದವರೆಗೆ ನಾವೇ ಕಟ್ಟಬೇಕು. ಅದಕ್ಕಿಂತ ಹೆಚ್ಚಾದದ್ದನ್ನು ಮಾತ್ರ ವಿಮೆ ಕೊಡುತ್ತದೆ. ದಿನಕ್ಕೆ ಇಷ್ಟು ಎಂದು ಹೆಚ್ಚು ಕೊಟ್ಟರೆ ಆ ಮೊತ್ತ ಇಳಿಯುತ್ತದೆ. ಸಣ್ಣ ಅಕ್ಷರದ ಷರತ್ತುಗಳನ್ನೆಲ್ಲ ಕನ್ನಡಕ ಹಾಕಿಕೊಂಡು ಓದಿದೆ. ಹಿಂದೆ ನಿಂತವರು ಒಬ್ಬರೂ ಗೊಣಗಲಿಲ್ಲ! ಆಮೇಲೆ ಕಾರಿನ ಸುತ್ತ ತಿರುಗಿ, ಇದ್ದ ಗೀರುಗಳನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆವು.

ಅಲ್ಲಿನ ನಿಯಮಗಳು ಸರಳ. ಊರಿನೊಳಗೆ ಸಾಮಾನ್ಯವಾಗಿ ಗಂಟೆಗೆ 50 ಕಿಲೋಮೀಟರ್, ಊರಾಚೆ 100. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ. ಓಡಿಸುವವರು ಫೋನ್ ಕೈಗೆತ್ತಿಕೊಳ್ಳುವಂತಿಲ್ಲ. ವೃತ್ತ ಬಂದಾಗ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ನಿಧಾನವಾಗಿ ಹೋಗುವವರು ಜಾಗ ಸಿಕ್ಕಾಗ ಎಡಕ್ಕೆ ಸರಿದು ಹಿಂದಿನವರನ್ನು ಮುಂದೆ ಬಿಡಬೇಕು. ಇಷ್ಟನ್ನೂ ಎಲ್ಲರೂ ಪಾಲಿಸುವುದರಿಂದಲೋ ಏನೋ, ಹಾರ್ನ್ ಸದ್ದೇ ಕೇಳುವುದಿಲ್ಲ. ಎರಡನೇ ದಿನ ನನ್ನಾಕೆ, ‘ರೀ, ಈ ಕಾರಿಗೆ ಹಾರ್ನ್ ಇದೆ ತಾನೇ?’ ಎಂದು ಕೇಳಿದಳು.

ಮೊದಲು ಟೆಕಾಪೋ ಸರೋವರಕ್ಕೆ ಹೋದೆವು. ದಡದಲ್ಲಿ 1935ರಲ್ಲಿ ಕಟ್ಟಿದ ಪುಟ್ಟ ಕಲ್ಲಿನ ಚರ್ಚಿದೆ. ಅಲ್ಲಿಂದ ಮುಂದೆ ಪುಕಾಕಿ ಸರೋವರ. ಅದರ ನೀರು ಹಾಲಿಗೆ ನೀಲಿ ಬೆರೆಸಿದ ಹಾಗೆ. ಹಿಮನದಿಗಳು ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತವೆ. ಆ ನಯವಾದ ಹಿಟ್ಟು ನೀರಿನಲ್ಲಿ ತೇಲುತ್ತಾ ಬೆಳಕನ್ನು ಚದುರಿಸುವುದರಿಂದ ಆ ಬಣ್ಣ. ಸರೋವರದ ಆಚೆ ತುದಿಗೆ 3,724 ಮೀಟರ್ ಎತ್ತರದ ಆಓರಾಕಿ ಅಥವಾ ಮೌಂಟ್ ಕುಕ್, ಆ ದೇಶದಲ್ಲೇ ಎತ್ತರದ ಶಿಖರ.

ಆ ಶಿಖರದ ಕಡೆಗೆ ಹೋಗುವ ರಸ್ತೆಯಲ್ಲಿಯೇ ನಮ್ಮ ಎದೆ ಝಲ್ಲೆಂದದ್ದು. ಬೆಳಗಿನ ಹೊತ್ತು, ಮಗಳು ಓಡಿಸುತ್ತಿದ್ದಳು. ಎದುರಿಗೆ ಒಂದು ಕಾರು ಬಂತು. ನೋಡನೋಡುತ್ತಿದ್ದಂತೆ ಅದು ನಮ್ಮ ಭಾಗದಲ್ಲೇ, ನೇರ ನಮ್ಮತ್ತಲೇ ಬರುತ್ತಿದೆ ಎಂದು ತಿಳಿಯಿತು. ‘ಅಮ್ಮಾ!’ ಎಂದ ಮೊಮ್ಮಗ. ಮಗಳು ಕಿರುಚಲಿಲ್ಲ. ದೀಪ ಮಿನುಗಿಸುತ್ತಾ, ಬ್ರೇಕ್ ಒತ್ತುತ್ತಾ ಎಡಗಡೆಯ ಜಲ್ಲಿಯ ಅಂಚಿಗೆ ಕಾರನ್ನು ಇಳಿಸಿದಳು. ಆ ಕಾರೂ ಕೀರಲು ಸದ್ದು ಮಾಡಿ ನಿಂತಿತು. ಎರಡರ ನಡುವೆ ಉಳಿದಿದ್ದು ನಾಲ್ಕೈದು ಮಾರು ಅಷ್ಟೇ.

ಇಳಿದು ಹೋಗಿ ನೋಡಿದರೆ ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ಅವರದೂ ಬಾಡಿಗೆ ಕಾರೇ. ಅವರ ದೇಶದಲ್ಲಿ ಬಲಗಡೆ ಓಡಿಸುವುದು ರೂಢಿ. ಸರೋವರದ ಪಕ್ಕ ಫೋಟೋಗೆಂದು ನಿಲ್ಲಿಸಿ, ಮತ್ತೆ ರಸ್ತೆಗೆ ಏರುವಾಗ ಕೈ ತಾನಾಗಿ ಹಳೆಯ ಅಭ್ಯಾಸಕ್ಕೆ ತಿರುಗಿತ್ತು. ಹುಡುಗನ ಕೈ ನಡುಗುತ್ತಿತ್ತು, ‘ಸಾರಿ, ಸಾರಿ’ ಎನ್ನುತ್ತಲೇ ಇದ್ದ. ಬೈಯಬೇಕೆಂದು ಬಂದ ನಾಲಿಗೆ ನನಗೆ ಏಳಲಿಲ್ಲ. ನನ್ನಾಕೆ ಫ್ಲಾಸ್ಕಿನಿಂದ ಎರಡು ಲೋಟ ಟೀ ಬಗ್ಗಿಸಿ ಕೊಟ್ಟಳು. ಇಂಥ ಪ್ರವಾಸಿಗರಿಗಾಗಿಯೇ ಅಲ್ಲಿ ನೋಡುವ ತಾಣಗಳ ಬಳಿ ರಸ್ತೆಯ ಮೇಲೆ ದೊಡ್ಡ ಬಾಣದ ಗುರುತು ಬರೆದು, ‘ಎಡಕ್ಕೇ ಇರಿ’ ಎಂಬ ಫಲಕ ಹಾಕಿರುತ್ತಾರೆ. ಅಷ್ಟಾದರೂ ಅಭ್ಯಾಸ ಒಂದು ಗಳಿಗೆಯಲ್ಲಿ ಎಳೆದುಕೊಂಡುಬಿಡುತ್ತದೆ.

ಕಾರು ಮತ್ತೆ ಹೊರಟ ಮೇಲೆ ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ‘ತಾತ, ನಿಜವಾಗಿ ಸರಿಯಾದದ್ದು ಎಡವೋ ಬಲವೋ?’ ಎಂದ.

ಮಕ್ಕಳೇ, ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸ್ವೀಡನ್ ದೇಶದಲ್ಲಿ ಮೊದಲು ಎಡಗಡೆಯೇ ಓಡಿಸುತ್ತಿದ್ದರು. 1967ರ ಸೆಪ್ಟೆಂಬರ್ 3ರಂದು ಇಡೀ ದೇಶವೇ ಬಲಗಡೆಗೆ ಬದಲಾಯಿತು. ಪೆಸಿಫಿಕ್ ಸಾಗರದ ಸಮೋವಾ ಇದಕ್ಕೆ ತದ್ವಿರುದ್ಧ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಿಂದ ಅಗ್ಗದ ಹಳೆ ಕಾರುಗಳನ್ನು ತರಿಸಿಕೊಳ್ಳಲು ಅನುಕೂಲವೆಂದು 2009ರ ಸೆಪ್ಟೆಂಬರ್ 7ರಂದು ಬಲದಿಂದ ಎಡಕ್ಕೆ ಬಂತು. ಎಡವೂ ಸರಿಯೇ, ಬಲವೂ ಸರಿಯೇ. ಎಲ್ಲರೂ ಸೇರಿ ಒಂದನ್ನು ಒಪ್ಪಿಕೊಂಡು, ಒಪ್ಪಿದ್ದನ್ನು ಒಬ್ಬರೂ ಬಿಡದೆ ನಡೆಸುವುದೇ ಮುಖ್ಯ. ಮುಖ ಪರಿಚಯವೂ ಇಲ್ಲದ ಎದುರಿನವನು ತನ್ನ ಭಾಗದಲ್ಲೇ ಇರುತ್ತಾನೆ ಎಂಬ ನಂಬಿಕೆಯ ಮೇಲೆ ತಾನೇ ನಾವು ರಸ್ತೆಗೆ ಇಳಿಯುವುದು?

ಈ ನಂಬಿಕೆ ಕಣ್ಣಿಗೇ ಕಾಣಿಸುವಂತೆ ಇರುವುದು ಅಲ್ಲಿನ ಒಂಟಿ ಸೇತುವೆಗಳಲ್ಲಿ. ವಾನಾಕಾದಿಂದ ಹಾಸ್ಟ್ ಕಣಿವೆ ದಾಟಿ ಪಶ್ಚಿಮ ಕರಾವಳಿಗೆ ಬಂದರೆ, ಹೆದ್ದಾರಿಯಲ್ಲೇ ಒಂದು ಸಲಕ್ಕೆ ಒಂದು ದಿಕ್ಕಿನವರಷ್ಟೇ ದಾಟಬಹುದಾದ ಸೇತುವೆಗಳು ಒಂದಾದ ಮೇಲೊಂದು ಸಿಗುತ್ತವೆ. ಹಾಸ್ಟ್ ನದಿಯ ಸೇತುವೆಯಂತೂ 700 ಮೀಟರಿಗಿಂತ ಉದ್ದ. ಅಲ್ಲಿ ಪೊಲೀಸರಿಲ್ಲ, ಗೇಟಿಲ್ಲ, ಒಂದು ಫಲಕ ಮಾತ್ರ. ಅದರಲ್ಲಿ ಎರಡು ಬಾಣ. ನಾವು ಹೋಗುವ ದಿಕ್ಕಿಗೆ ಚಿಕ್ಕ ಕೆಂಪು ಬಾಣವಿದ್ದರೆ ನಾವು ನಿಂತು ಎದುರಿನವರಿಗೆ ದಾರಿ ಬಿಡಬೇಕು. ದೊಡ್ಡ ಬಾಣವಿದ್ದರೆ ಸರದಿ ನಮ್ಮದು. ಆಗಲೂ ಕಣ್ಣು ಹಾಯಿಸಿ ನೋಡಿಯೇ ಹೊರಡಬೇಕು. ದಾಟಿ ಬಂದವರು ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಿ ಥ್ಯಾಂಕ್ಸ್ ಹೇಳುತ್ತಾರೆ. ನಾವೂ ಎತ್ತಬೇಕು.

ಮೊಮ್ಮಗ ನನ್ನ ಡೈರಿಯ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಜಮಾ-ಖರ್ಚಿನ ಪುಸ್ತಕ ಶುರುಮಾಡಿದ. ನಾವು ನಿಂತು ದಾರಿ ಬಿಟ್ಟರೆ ಜಮಾ, ಬೇರೆಯವರು ನಮಗಾಗಿ ನಿಂತರೆ ಖರ್ಚು. ಎದುರಿಗೆ ಯಾರೂ ಇಲ್ಲದ ಸೇತುವೆ ಲೆಕ್ಕಕ್ಕಿಲ್ಲ. ಸಂಜೆ ಹೋಟೆಲಿನಲ್ಲಿ ಲೆಕ್ಕ ಕೂಡಿ, ನನ್ನ ಹತ್ತಿರ ಸಹಿ ಹಾಕಿಸುತ್ತಿದ್ದ.

ಹಿಂತಿರುಗುವ ದಾರಿಯಲ್ಲಿ ಆರ್ಥರ್ಸ್ ಪಾಸ್ ಎಂಬ ಬೆಟ್ಟದ ಊರು. ಅಲ್ಲಿ ಕಿಯಾ ಎಂಬ ಹಸಿರು ಗಿಳಿಗಳಿವೆ. ಹಿಮ ಬೀಳುವ ಎತ್ತರದ ಬೆಟ್ಟದಲ್ಲಿ ಬದುಕುವ ಈ ಗಿಳಿಗಳಿಗೆ ಕಾರೆಂದರೆ ಬಲು ಪ್ರೀತಿ! ಕೊಕ್ಕಿನಿಂದ ವೈಪರಿನ, ಕಿಟಕಿಯ ರಬ್ಬರನ್ನು ಎಳೆದು ಕೀಳುತ್ತವೆ. ನಾವು ಟೀ ಕುಡಿಯುವಷ್ಟರಲ್ಲಿ ಒಂದು ಗಿಳಿ ನಮ್ಮ ಕಾರಿನ ಮೇಲೆ ಕೂತು, ಬ್ಯಾಂಕಿನ ಇನ್‌ಸ್ಪೆಕ್ಟರ್ ಹಾಗೆ ತಲೆ ಓರೆ ಮಾಡಿ ಎಲ್ಲವನ್ನೂ ಪರಿಶೀಲಿಸುತ್ತಿತ್ತು. ಎಕ್ಸೆಸ್ ನೆನಪಾಗಿ ನಾನು ಎದ್ದು ಓಡಿದೆ. ಪುಣ್ಯಕ್ಕೆ ರಬ್ಬರ್ ಉಳಿಯಿತು.

ಕ್ರೈಸ್ಟ್‌ಚರ್ಚಿನಲ್ಲಿ ಪೆಟ್ರೋಲ್ ನಾವೇ ಪೂರ್ತಿ ತುಂಬಿಸಿ ಕಾರು ಒಪ್ಪಿಸಿದೆವು. ಹುಡುಗಿಯೊಬ್ಬಳು ಸುತ್ತ ನೋಡಿ ಕೀ ತೆಗೆದುಕೊಂಡಳು. ಊರಿಗೆ ಬಂದ ಕೆಲವು ದಿನಕ್ಕೆ ತಡೆಹಿಡಿದ ಹಣವೂ ಬಿಡುಗಡೆಯಾಯಿತು. ಆದರೆ ಮೊಮ್ಮಗನ ಪುಸ್ತಕ ಮಾತ್ರ ಸರಿಹೊಂದಲಿಲ್ಲ. ಜಮಾ 27, ಖರ್ಚು 31. ‘ತಾತ, ನಾಲ್ಕು ಬಾಕಿ ಉಳಿಯಿತು’ ಎಂದ.

ಕಳೆದ ತಿಂಗಳು ನಮ್ಮ ಬೀದಿಯ ಇಕ್ಕಟ್ಟಿನಲ್ಲಿ ಎದುರಿಗೆ ಹಾಲಿನ ವ್ಯಾನ್ ಬಂತು. ಹಿಂದಿನ ಆಟೋದವನು ಹಾರ್ನ್ ಒತ್ತುತ್ತಲೇ ಇದ್ದ. ನಾನು ಕಾರನ್ನು ಪಕ್ಕಕ್ಕೆ ತಗುಲಿಸಿ ನಿಲ್ಲಿಸಿದೆ. ವ್ಯಾನಿನ ಚಾಲಕ ದಾಟಿ ಹೋಗುವಾಗ ಆಶ್ಚರ್ಯದಿಂದ ನೋಡಿ ಕೈ ಎತ್ತಿದ. ಹಿಂದಿನ ಸೀಟಿನಿಂದ ಮೊಮ್ಮಗ ಹೇಳಿದ: ‘ಇನ್ನು ಮೂರು.’