ಸರದಿಯ ಧರ್ಮ



ಕೃಷ್ಣಾತೀರದ ಶಕ್ತಿನಗರದ ವಿದ್ಯುತ್ ಕೇಂದ್ರವು ತಮ್ಮಲ್ಲಿ ಬಹುಜನಕ್ಕೆ ಪರಿಚಿತವೇ ಆಗಿದೆ. 1985ರಲ್ಲಿ ಮೊದಲ ಘಟಕದಿಂದ ಆರಂಭವಾಗಿ, ಎಂಟು ಘಟಕಗಳಲ್ಲಿ 1720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಆ ಕೇಂದ್ರದಲ್ಲಿ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವರು ನಮಗೆ ತಿಳಿಸಿದ ಮಾತೊಂದು ಮನನೀಯವಾದುದು. ಬೇಡಿಕೆ ಏರಿದೊಡನೆ ಜಾಲದ ಆವರ್ತನವು 50 ಹರ್ಟ್ಜ್‌ಗಿಂತ ಕೆಳಗಿಳಿಯುವುದು; ಟರ್ಬೈನಿನ ಗವರ್ನರು ಅದನ್ನು ಅರಿತು, ಯಾರ ಅಪ್ಪಣೆಗೂ ಕಾಯದೆ ಉಗಿಯನ್ನು ಹೆಚ್ಚಿಸುವುದು. ಎಲ್ಲರಿಗೂ ಸಮಾನವಾದ ಒಂದು ಸಂಕೇತವನ್ನು ಗಮನಿಸಿ ತನ್ನನ್ನು ತಾನೇ ತಿದ್ದಿಕೊಳ್ಳುವ ಈ ಕ್ರಮವೇ ಸಮಷ್ಟಿಯನ್ನು ಕಾಯುತ್ತಿದೆ.

ಇಂಟರ್‌ನೆಟ್ ಈ ಪಾಠವನ್ನು ಕಷ್ಟದಿಂದ ಕಲಿಯಿತು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕೇವಲ 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಸೆಕೆಂಡಿಗೆ 32,000 ಬಿಟ್ ಇದ್ದ ಸಂಚಾರವು 40 ಬಿಟ್‌ಗೆ ಕುಸಿಯಿತು. ತಲುಪದ ಪ್ಯಾಕೆಟ್ಟುಗಳನ್ನು ಎಲ್ಲರೂ ಮತ್ತೆ ಮತ್ತೆ ಕಳುಹಿಸಿ ದಾರಿಯನ್ನೇ ಮುಚ್ಚಿದ್ದರು. ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕರೆಲ್ಸ್ ಅವರು 1988ರಲ್ಲಿ ಪರಿಹಾರವನ್ನು ಪ್ರಕಟಿಸಿ, ಬಿಎಸ್‌ಡಿ ಯುನಿಕ್ಸ್ ಕಾರ್ಯವ್ಯವಸ್ಥೆಯ ತಿರುಳಿನಲ್ಲಿ, ಎಂದರೆ ಕರ್ನೆಲಿನಲ್ಲಿ, ಅಳವಡಿಸಿದರು. ಪ್ಯಾಕೆಟ್ ಕಳೆದುಹೋದರೆ ಅದನ್ನು ದಟ್ಟಣೆಯ ಸೂಚನೆಯೆಂದು ತಿಳಿದು ಕಳುಹಿಸುವವನು ವೇಗವನ್ನು ತಗ್ಗಿಸಬೇಕೆಂಬುದೇ ಅದರ ಸಾರ.

ಅನಂತರ ಇನ್ನೊಂದು ವ್ಯಾಧಿ ತಲೆದೋರಿತು. ಸ್ಮೃತಿಯ ಚಿಪ್ಪುಗಳು ಅಗ್ಗವಾದಂತೆ ದಾರಿಯ ಯಂತ್ರಗಳಲ್ಲಿ ದೊಡ್ಡ ದೊಡ್ಡ ಉಗ್ರಾಣಗಳನ್ನು ಇಟ್ಟರು. ಪ್ಯಾಕೆಟ್ಟು ಕಳೆಯದೆ ಉಗ್ರಾಣದಲ್ಲಿಯೇ ಕಾಯತೊಡಗಿತು. ಕಳುಹಿಸುವವನಿಗೆ ಎಚ್ಚರಿಕೆ ತಡವಾಗಿ ಮುಟ್ಟಿತು. ಸಂಗ್ರಹ ಹೆಚ್ಚಿದಷ್ಟೂ ವಿಳಂಬ ಹೆಚ್ಚಿತು!

ಇದರ ಪೆಟ್ಟು ಯಾರಿಗೆಂಬುದನ್ನು 2020ರಲ್ಲಿ ನಾವು ಕೇಳಿ ತಿಳಿದೆವು. ಶಾಲೆಗಳು ಮುಚ್ಚಿ ಪ್ರಸಾದನಿಲಯದ ಮಕ್ಕಳು ಊರಿಗೆ ಮರಳಿದ್ದರು. ಶಕ್ತಿನಗರದ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ, “ಅಪ್ಪಾಜೀ, ಮನ್ಯಾಗ ಯಾರರೆ ಸಿನಿಮಾ ಹಚ್ಚಿದ್ರ ಸಾಕ್ರೀ, ನಮ್ಮ ಸರ್ ಹೇಳೋ ಲೆಕ್ಕ ತುಂಡ್ ತುಂಡಾಗಿ ಕೇಳಸ್ತದ್ರೀ” ಎಂದನು. ಸಿನಿಮಾ ಹೊರೆಹೊರೆಯಾಗಿ ಬರುವಂಥದು. ಗುರುವಿನ ಮಾತು ಹಿಡಿಯಷ್ಟು. ಒಂದೇ ಸಾಲಿನಲ್ಲಿ ಹೊರೆಯ ಹಿಂದೆ ಹಿಡಿಯು ನಿಂತರೆ ಮಗುವಿನ ಪಾಠದ ಗತಿಯೇನು?

ಇದಕ್ಕೊಂದು ಉತ್ತರವು ನಮ್ಮ ನಾಡಿನಲ್ಲಿಯೇ ಸಿದ್ಧವಾಗಿತ್ತೆಂಬುದು ಅಭಿಮಾನದ ಸಂಗತಿ. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆಯ ಅಧ್ಯಾಪಕ ಮೋಹಿತ್ ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು ‘ಎಫ್‌ಕ್ಯೂ-ಪೈ’ ಎಂಬ ಕ್ರಮವಿಧಿಯನ್ನು ಲಿನಕ್ಸ್ ಕರ್ನೆಲಿಗೆ ಸೇರಿಸಿದರು. 2020ರ ಮಾರ್ಚ್ 29ರಂದು ಬಿಡುಗಡೆಯಾದ 5.6ನೆಯ ಆವೃತ್ತಿಯಲ್ಲಿ ಅದಿದೆ. ಅದರ ಕೆಲಸ ಎರಡು. ಪ್ರತಿಯೊಂದು ಹರಿವನ್ನೂ ಗುರುತಿಸಿ ಬೇರೆ ಬೇರೆ ಸಾಲುಗಳಲ್ಲಿ ನಿಲ್ಲಿಸಿ, ಸರದಿಯ ಮೇಲೆ ಬಿಡುವುದು ಒಂದು. ಕಾಯುವ ಅವಧಿಯನ್ನು ಅಳೆಯುತ್ತ, ಅದು ಸುಮಾರು 15 ಮಿಲಿಸೆಕೆಂಡನ್ನು ಮೀರತೊಡಗಿದರೆ, ಉಗ್ರಾಣ ತುಂಬುವ ಮೊದಲೇ ಕೆಲವು ಪ್ಯಾಕೆಟ್ಟುಗಳನ್ನು ಕೈಬಿಟ್ಟು ಕಳುಹಿಸುವವನನ್ನು ಎಚ್ಚರಿಸುವುದು ಇನ್ನೊಂದು.

ದೇವಸೂಗೂರಿನ ಜಾತ್ರೆಯಲ್ಲಿ ಬಂಡಿ ತುಂಬ ಬಂದವರು ಮುಂದೆ ನುಗ್ಗಿದರೆ ಒಬ್ಬಂಟಿ ಮುದುಕಿಗೆ ದರ್ಶನವಾಗುವುದುಂಟೆ? ಪ್ರತಿ ಬಂಡಿಗೂ ಒಂದು ಸಾಲು, ಮುದುಕಿಗೂ ಒಂದು ಸಾಲು. ಸಾಲಿಗೊಬ್ಬರಂತೆ ಬಿಟ್ಟರೆ ಆಕೆಯ ಸರದಿ ಬೇಗನೆ ಬರುವುದು. ಬಂಡಿಯವರಿಗೂ ಅನ್ಯಾಯವಿಲ್ಲ.

ಕರ್ನೆಲಿಗೆ ಸೇರಿಸುವುದು ಸುಲಭವಲ್ಲ. ಬರೆದುದನ್ನು ಎಲ್ಲರೆದುರು ಇಡಬೇಕು, ಪರಿಶೀಲಕರ ಆಕ್ಷೇಪಣೆಗಳಿಗೆ ಉತ್ತರಿಸಬೇಕು, ತಿದ್ದಿ ಮತ್ತೆ ಒಪ್ಪಿಸಬೇಕು. ಒಮ್ಮೆ ಒಪ್ಪಿತವಾದರೆ ಅದು ಲೋಕದ ಸೊತ್ತು. ಯಾರಾದರೂ ಬೆಲೆ ತೆರದೆ ಬಳಸಬಹುದು. ಆದರೆ ಅದು ತಾನಾಗಿ ನಡೆಯದು. ಇಕ್ಕಟ್ಟು ಎಲ್ಲಿದೆಯೋ ಅಲ್ಲಿಯ ಯಂತ್ರದಲ್ಲಿ ಬಲ್ಲವರೊಬ್ಬರು ಆರಿಸಿ ನೆಲೆಗೊಳಿಸಿದರೆ ಮಾತ್ರ ಫಲ.

ತಾಂತ್ರಿಕ ವಿದ್ಯೆ ಕಲಿತ ನಮ್ಮ ಹಳೆಯ ವಿದ್ಯಾರ್ಥಿಗಳೇ, ತಮ್ಮ ತಮ್ಮ ಊರಿನ ಶಾಲೆ, ಗ್ರಂಥಾಲಯಗಳ ಜಾಲವನ್ನು ಒಮ್ಮೆ ಪರೀಕ್ಷಿಸಿ ನೋಡಿರಿ. ದಾರಿಯನ್ನು ಅಗಲಿಸಲು ಹಣ ಬೇಕು. ಸರದಿಯನ್ನು ನೇರ್ಪಡಿಸಲು ತಿಳಿವಳಿಕೆ ಸಾಕು. ಆ ತಿಳಿವಳಿಕೆ ತಮ್ಮಲ್ಲಿದೆ.