ಇಸ್ತಾಂಬುಲ್‌ನ ಫುಟ್‌ಪಾತ್‌ನಲ್ಲಿ ಒಂದು ಫಲಕ

ಬೇಸಿಗೆ ರಜೆಯಲ್ಲಿ ಅಬ್ಬಾ ಜೊತೆ ಟರ್ಕಿಯ ಇಸ್ತಾಂಬುಲ್‌ಗೆ ಹೋಗಿದ್ದೆ. ಅಬ್ಬಾ ಬಟ್ಟೆ ವ್ಯಾಪಾರಿ. ಹಾಗಾಗಿ ಮಸೀದಿಗಳನ್ನು ನೋಡಿದ್ದಕ್ಕಿಂತ ಒಸ್ಮಾನ್‌ಬೇಯ ಹೋಲ್‌ಸೇಲ್ ಅಂಗಡಿಗಳನ್ನು ಸುತ್ತಿದ್ದೇ ಹೆಚ್ಚು. ಅಲ್ಲಿ ಫುಟ್‌ಪಾತ್‌ನಲ್ಲಿ ಕೂರಿಸಿದ್ದ ಒಂದು ಫಲಕವನ್ನು ಇನ್ನೇನು ತುಳಿಯುವವನಿದ್ದೆ. ಜೊತೆಗಿದ್ದ ಅಂಗಡಿಯವರು ತಡೆದು, ಅದರ ಕಥೆ ಹೇಳಿದರು.

‘ಆಗೋಸ್’ ವಾರಪತ್ರಿಕೆಯ ಸಂಪಾದಕ ಹ್ರಾಂತ್ ದಿಂಕ್ ಅವರನ್ನು 2007ರ ಜನವರಿ 19ರಂದು ಗುಂಡಿಕ್ಕಿ ಕೊಂದದ್ದು ಅಲ್ಲೇ, ಅವರ ಕಚೇರಿಯ ಮುಂದೆಯೇ. ಅವರು ಅಲ್ಲಿನ ಅಲ್ಪಸಂಖ್ಯಾತ ಅರ್ಮೇನಿಯನ್ ಸಮುದಾಯದವರು. 1996ರಲ್ಲಿ ಶುರುವಾದ ಪತ್ರಿಕೆಯನ್ನು ಅರ್ಮೇನಿಯನ್ ಜೊತೆಗೆ ಟರ್ಕಿಶ್ ಭಾಷೆಯಲ್ಲೂ ತಂದರು. ತಮ್ಮವರ ಮಾತು ನೆರೆಯವರಿಗೂ ತಿಳಿಯಬೇಕಿತ್ತು. ಆಗೋಸ್ ಎಂದರೆ ಬೀಜ ಬಿತ್ತುವ ನೇಗಿಲ ಸಾಲು. ಆ ಹಳೆಯ ಕಚೇರಿ ಈಗ ಸ್ಮಾರಕವಾಗಿದೆ. ಪತ್ರಿಕೆ ಮಾತ್ರ ನಿಂತಿಲ್ಲ.

ಕಾಮರ್ಸ್ ಕ್ಲಾಸಿನಲ್ಲಿ ದಿನವೂ ಲಾಭ ನಷ್ಟ ಬರೆಯುತ್ತೇನೆ. ಈ ಪತ್ರಿಕೆಯ ಲೆಕ್ಕವನ್ನು ಯಾವ ಕಡೆ ಬರೆಯಬೇಕೋ ಗೊತ್ತಾಗಲಿಲ್ಲ.

‘ಮನೆಯಲ್ಲಿ ಉರ್ದು, ಬರೆಯೋದು ಯಾಕೆ ಕನ್ನಡದಲ್ಲಿ?’ ಎಂದು ಖಾಲಾ ಮಕ್ಕಳು ನನ್ನನ್ನು ಕೇಳುತ್ತಿದ್ದರು. ಆಗೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಕೇಳಿದರೆ ಹೇಳುತ್ತೇನೆ: ಪಕ್ಕದ ಮನೆಯವರೂ ಓದಲಿ ಅಂತ.